ಕತ್ತಲೆ ಕೋಣೆಯ ಹೊರಗೆ ನಿಂತ ಅತ್ತಿ

ಮೊನ್ನೆ ಅಥಣಿಯ ಬಸ್‌ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿಯವನು ಹಸಿಮೆಣಸಿನಕಾಯಿ ನೆನೆಹಾಕಿದ ಬಾಟಲಿಯ ಮುಚ್ಚಳ ತೆಗೆದ. ವಿನೆಗರಿನ ಆ ಚುರುಕು ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ಲೇಟು ಅಲ್ಲೇ ಇಟ್ಟು ಆಚೆ ಸರಿದು ನಿಂತೆ. ಗಾಡಿಯವನು ಪಾಪ, "ಯಾಕ್ರಿ ಅಕ್ಕಾರ, ಖಾರ ಆತೇನ್ರಿ?" ಅಂದ. ಹೌದಪ್ಪಾ ಅಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ? ಆ ವಾಸನೆ ನನ್ನ ಸೋದರಮಾವನ ಫೋಟೊ ಸ್ಟುಡಿಯೋದ ಕತ್ತಲೆ ಕೋಣೆಯದು. ಅಲ್ಲಿ ಸಾಲಾಗಿ ಮೂರು ಡಿಶ್‌ಗಳಿರುತ್ತಿದ್ದವು. ಮೊದಲನೆಯದರಲ್ಲಿ ಚಿತ್ರ ಮೂಡಿಸುವ ಡೆವಲಪರ್, ಕೊನೆಯದರಲ್ಲಿ ಅದನ್ನು ಗಟ್ಟಿ ಮಾಡುವ ಹೈಪೊ, ನಡುವೆ ಈ ವಿನೆಗರಿನ ವಾಸನೆಯ ನೀರು. ಅದಕ್ಕೆ ಮಾವನ ಹೆಂಡತಿ, ನಮ್ಮತ್ತಿ, ಹುಳಿನೀರು ಅಂತ ಹೆಸರಿಟ್ಟಿದ್ದಳು. ಮೂವತ್ತೈದು ವರ್ಷದ ಮೇಲೂ ಆ ವಾಸನೆ ಬಂದರೆ ನನಗೆ ಅತ್ತಿಯೇ ಬಂದು ಪಕ್ಕದಲ್ಲಿ ನಿಂತಂತಾಗುತ್ತದೆ.

ಏಳನೇ ಇಯತ್ತೆ ಮುಗಿದ ಮೇಲೆ ನಾನು ತೆಲಸಂಗದಿಂದ ಅಥಣಿಗೆ ಬಂದೆ. ಹೆಣ್ಣುಮಕ್ಕಳಿಗೆ ಇಷ್ಟು ಸಾಲಿ ಸಾಕು ಅಂತ ಕೂತಿದ್ದ ನಮ್ಮಪ್ಪನ ಜೊತೆ ಮಾಮಾ ಎರಡು ದಿನ ಜಗಳಾಡಿ ನನ್ನನ್ನು ಎಳೆದುಕೊಂಡು ಬಂದಿದ್ದ. ಅಪ್ಪ ಒಂದೇ ಮಾತು ಹೇಳಿ ಕಳಿಸಿದ್ದ: "ಒಂದ ತಕರಾರ ಬಂತಂದ್ರ ತಿರುಗಿ ತಂದು ಮದುವಿ ಮಾಡಾಂವನ." ಮಾಮಾನ ಮನೆ ಉದ್ದನೆಯದು. ಬೀದಿಗೆ ಸ್ಟುಡಿಯೋ, ಹಿಂದೆ ಅಡಿಗೆಮನೆ, ನಡುವೆ ಹಿಂದೊಮ್ಮೆ ಜೋಳದ ಚೀಲ ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ. ಅದೇ ಕತ್ತಲೆ ಕೋಣೆಯಾಗಿತ್ತು. ಅದರ ಮುಂದಿನ ನಡುಮನೆಯಲ್ಲಿ ಬೆಳ್ಳುಳ್ಳಿ ಚಟ್ನಿಯ ವಾಸನೆಯೂ ಹುಳಿನೀರಿನ ವಾಸನೆಯೂ ಕೂಡಿಕೊಂಡಿರುತ್ತಿದ್ದವು. ಮುಂದಿನಿಂದ ಮಾಮಾನ ದನಿ, ಕಾಗವಾಡದ ಕಡೆಯ ಮರಾಠಿ ಗಿರಾಕಿಗಳಿಗೆ "ಹಸಾ, ಹಸಾ", ನಮ್ಮವರಿಗೆ "ನಗ್ರಿ, ಸ್ವಲ್ಪ ನಗ್ರಿ". ಹಿಂದಿನಿಂದ ಅತ್ತಿ ರೊಟ್ಟಿ ಬಡಿಯುವ ಸಪ್ಪಳ. ಅವರಿಗೆ ಮಕ್ಕಳಿರಲಿಲ್ಲ. ಆದರೆ ಆ ಮನೆ ಖಾಲಿ ಅನಿಸಿದ ದಿನ ಒಂದೂ ನೆನಪಿಲ್ಲ.

ಪ್ರತಿ ಬೇಸಿಗೆಗೆ ರಾಯಬಾಗ, ಚಿಕ್ಕೋಡಿ, ಕಾಗವಾಡದ ಕಡೆಯಿಂದ ಏಳೆಂಟು ಹುಡುಗರು ಮಾಮಾನ ಕಡೆ ಫೋಟೊ ಕಲಿಯಲು ಬರುತ್ತಿದ್ದರು. ಅವರಿಗೆ ಮಾಮಾ ಅಣ್ಣಾರ, ಅತ್ತಿ ವೈನಿ. ಕ್ಯಾಮೆರಾ ಸಿಗುತ್ತದೆಂದು ಬಂದವರ ಕೈಗೆ ಮಾಮಾ ಮೊದಲ ಹದಿನೈದು ದಿನ ನಡುವೆ ಚೌಕ ಕತ್ತರಿಸಿದ ರಟ್ಟು ಕೊಡುತ್ತಿದ್ದ. ಅದರೊಳಗಿಂದ ನೋಡುತ್ತ ಬಜಾರ ತಿರುಗಬೇಕು. ಚಪ್ಪಲಿ ಹೊಲಿಯುವವರ ಓಣಿಯಲ್ಲಿ, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಬೆಳಕು ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆಂದು ಸಂಜೆ ಬಂದು ಹೇಳಬೇಕು. "ಮಾರಿ ಆಮ್ಯಾಲೆ ನೋಡ್ರಿ. ಮೊದಲ ಮಾರಿ ಮ್ಯಾಲಿನ ಬೆಳಕ ನೋಡ್ರಿ" ಅನ್ನುತ್ತಿದ್ದ. ಓಣಿಯ ಹುಡುಗರು ನಮ್ಮನ್ನು "ರಟ್ಟಿನ ಫೋಟೊಗ್ರಾಫರ್" ಅಂತ ಕಾಡುತ್ತಿದ್ದರು. ನಮ್ಮನ್ನು ಅಂದೆ, ಯಾಕೆಂದರೆ ಎರಡನೇ ಬೇಸಿಗೆಗೆ ನಾನೂ ಒಂದು ರಟ್ಟು ಹಿಡಿದು ಹುಡುಗರ ಹಿಂದೆ ಹೊರಟಿದ್ದೆ. ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಅಂದವರಿಗೆ ಅತ್ತಿಯೇ ಬಾಗಿಲಲ್ಲಿ ನಿಂತು ಉತ್ತರ ಕೊಡುತ್ತಿದ್ದಳು.

ಕೊನೆಯ ಪಾಠ ಕಣ್ಣು ತೆರೆಸುವುದು. ನಮ್ಮ ಕಡೆ ಸತ್ತವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರಲ್ಲ, ಆಗ ಒಂದು ಫೋಟೊ ತೆಗೆಸುತ್ತಾರೆ. ಎಷ್ಟೋ ಮಂದಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಆಮೇಲೆ ಮನೆಯವರು ಬಂದು ಸಣ್ಣ ದನಿಯಲ್ಲಿ ಕೇಳುತ್ತಾರೆ, "ಕಣ್ಣ ತೆರಸ್ರಿ." ಮಾಮಾ ಸುಮ್ಮನೆ ಕುಂಚ ಹಿಡಿಯುತ್ತಿರಲಿಲ್ಲ. ಆ ಮನೆಗೆ ಹೋಗಿ, ಸತ್ತವರ ಕಣ್ಣು ಮಗಳಿಗೆ ಬಂದಿದೆಯೋ ತಮ್ಮನಿಗೆ ಬಂದಿದೆಯೋ ಕೇಳಿ, ಅವರನ್ನು ಎದುರಿಗೆ ಕೂರಿಸಿಕೊಂಡು ಚಹಾ ಕುಡಿಯುತ್ತ ನೋಡಿ ಬರುತ್ತಿದ್ದ. ಆಮೇಲೆ ಕೂದಲೆಳೆಯಂಥ ಕುಂಚದಿಂದ ಫೋಟೊದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದ. ಅರ್ಧ ತಾಲೂಕಿನ ಹಿರಿಯರು ಇಂದಿಗೂ ಗೋಡೆಯ ಮೇಲಿಂದ ಮಾಮಾ ಬರೆದ ಕಣ್ಣಲ್ಲೇ ಮೊಮ್ಮಕ್ಕಳನ್ನು ನೋಡುತ್ತಿದ್ದಾರೆ.

ಅತ್ತಿ ನಾಲ್ಕನೇ ಇಯತ್ತೆ ಓದಿದವಳು, ಕ್ಯಾಮೆರಾ ಮುಟ್ಟಿದವಳಲ್ಲ. ಆದರೆ ಕತ್ತಲೆ ಕೋಣೆ ಅವಳದೇ. ಮದ್ದು ಕಲಸುವುದು, ಡಿಶ್ ಜೋಡಿಸುವುದು, ಪ್ರಿಂಟು ತೊಳೆಯುವುದು ಎಲ್ಲ ಅವಳ ಕೈಯಲ್ಲೇ. ಬೆರಳು ಅದ್ದಿ ಮದ್ದು ಗುರುತಿಸುವುದನ್ನು ಹುಡುಗರಿಗೆ ಅವಳೇ ಕಲಿಸುತ್ತಿದ್ದಳು: "ಕತ್ತಲ್ಯಾಗ ಗುರ್ತ ಸಿಗಲಿಲ್ಲಂದ್ರ ಬಟ್ಟ ಎದ್ದಿ ನೋಡ್ರಿ. ಸಬಕಾರದಂಗ ಜಾರಿದ್ರ ಅದು ಡೆವಲಪರ್." ಕೆಂಪು ದೀಪದ ಕೆಳಗೆ ಬಿಳಿ ಕಾಗದದ ಮೇಲೆ ಮೊದಲು ತಲೆಗೆ ಸುತ್ತಿದ ಪಟಗದ ಅಂಚು, ಆಮೇಲೆ ಮೀಸೆ, ಆಮೇಲೆ ಕಣ್ಣು ಮೂಡುವಾಗ ಅತ್ತಿ ಪ್ರತಿ ಸಲ ಮನೆಗೆ ಬೀಗರು ಬಂದಂತೆ ಸಂಭ್ರಮಪಡುತ್ತಿದ್ದಳು. "ಬರ್ರಿ ಸಾವಕಾರ್ರ, ಬರ್ರಿ. ಬಿಸಲಾಗ ಬಂದೀರಿ. ನೀರಾಗ ಅದೀರಿ, ಮತ್ತ ನೀರ ಕುಡೀರಿ ಅಂತ ಏನ್ ಹೇಳೂದು!" ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಮಾಮಾನೂ ನಗುತ್ತಿದ್ದ. ಮದುವೆಯಾಗಿ ಹದಿನೆಂಟು ವರ್ಷ ಅವಳು ಹೀಗೆ ಊರ ಮಂದಿಯನ್ನೆಲ್ಲ ಬರಮಾಡಿಕೊಂಡಿದ್ದಳು. ಅವಳದೇ ಒಂದು ಫೋಟೊ ಮಾತ್ರ ಆ ಮನೆಯಲ್ಲಿರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಅಂತಾರಲ್ಲ, ಹಾಗೆ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಕೊಕಟನೂರಿನ ಒಂದು ಮನೆಯವರು ಮಾಮಾನನ್ನು ಕರೆಸಿಕೊಂಡರು. ಮಗ ಮಿಲಿಟ್ರಿಗೆ ಹೊರಟಿದ್ದ, ಹೋಗುವ ಮೊದಲು ಮನೆಮಂದಿಯೆಲ್ಲ ಕೂತು ಫೋಟೊ ತೆಗೆಸಿಕೊಳ್ಳಬೇಕಿತ್ತು. ಹನ್ನೆರಡು ಫೋಟೊದ ರೋಲಿನಲ್ಲಿ ಮಾಮಾ ಹನ್ನೊಂದು ತೆಗೆದು ಬಂದು ಕ್ಯಾಮೆರಾ ನನ್ನ ಕೈಗಿಟ್ಟ. "ಒಂದ ಉಳದೈತಿ. ನಿಮ್ಮತ್ತೀದು ತಗಿ, ನೋಡೂಣು ಏನ್ ಕಲ್ತಿ." ಅತ್ತಿ ಹಿತ್ತಲ ಬಾಗಿಲಲ್ಲಿ ಕೂತಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು, "ಹಿಂಗ ಕೂಡ್ಲೇನ?" ಅಂದಳು, ನಗು ಬಂದು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕಾದೆ. ಕೈ ಕೆಳಗಿಳಿಯಿತು, ಬೆಳಕು ಕಣ್ಣಿಗೆ ಬಿತ್ತು, ಒತ್ತಿದೆ. ಅಂಥ ಫೋಟೊ ನಾನು ಆಮೇಲೆ ಎಂದೂ ತೆಗೆಯಲಿಲ್ಲ.

ಮರುದಿನ ಮಾಮಾ ರಾಯಬಾಗಕ್ಕೆ ಹೋಗಿದ್ದ. ಆ ರೋಲನ್ನು ನಾನೊಬ್ಬಳೇ ತೊಳೆಯುತ್ತೇನೆಂದು ಅತ್ತಿಯ ಬೆನ್ನುಹತ್ತಿದೆ. ಅವಳು ಬೇಡ ಬೇಡ ಅಂದಳು, ಆಮೇಲೆ "ಹೋಗು, ಜ್ವಾಕಿ" ಅಂದಳು. ನನ್ನದು ಹಟವೂ ಹೌದು, ಜಂಬವೂ ಹೌದು. ಮದ್ದನ್ನು ನಾನೇ ಡಿಶ್‌ಗಳಿಗೆ ಸುರಿದೆ. ಫಿಲ್ಮ್ ತೊಳೆಯುವಾಗ ಕೆಂಪು ದೀಪವೂ ಇರುವಂತಿಲ್ಲ, ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲೆ. ಆ ಕತ್ತಲೆಯಲ್ಲಿ ಮೊದಲ ಡಿಶ್ ಯಾವುದೆಂದು ನನಗೆ ಗೊತ್ತೇ ಇದೆ ಅಂದುಕೊಂಡೆ. ಬೆರಳು ಅದ್ದಿ ನೋಡಲಿಲ್ಲ. ಫಿಲ್ಮನ್ನು ಸೀದಾ ಹೈಪೊದಲ್ಲಿ ಇಳಿಸಿದೆ. ದೀಪ ಹಾಕಿ ನೋಡಿದರೆ ಕೈಯಲ್ಲಿ ಗಾಜಿನಂಥ ಬರೀ ಪಟ್ಟಿ. ಮೂಡುವ ಮೊದಲೇ ಹೈಪೊ ಎಲ್ಲವನ್ನೂ ತೊಳೆದುಬಿಟ್ಟಿತ್ತು, ಒಬ್ಬರ ಮುಖವೂ ಉಳಿದಿರಲಿಲ್ಲ. ಅತ್ತಿ ಅದನ್ನು ಬೆಳಕಿಗೆ ಹಿಡಿದು, "ಅಯ್ಯ ಶಿವನ, ನಾ ಎಲ್ಲೆ ಹೋದ್ನವಾ?" ಅಂದಳು. ಆಗಲೂ ನನ್ನನ್ನು ನಗಿಸಲು ನೋಡಿದಳು. ನಾನು ಅಳುವುದನ್ನು ನಿಲ್ಲಿಸಲಿಲ್ಲ. ಆಗ ನನ್ನ ಗದ್ದ ಹಿಡಿದು, "ಸುಮ್ನಿರು. ನಿಮ್ಮಪ್ಪಗ ಇಂಥಾದ್ದ ಒಂದ ನೆಪ ಸಾಕು, ನಾಳೆನ ಮದುವಿ ಹಂದರಾ ಹಾಕ್ತಾನ. ನಾ ಮಾಡಿದ್ನಿ ಅಂತೀನಿ. ನಿಮ್ಮ ಮಾಮಾ ನಾಕ ದಿನ ಬೈತಾರ, ಆಮ್ಯಾಲೆ ಅವ್ರ ಕರೀತಾರ" ಅಂದಳು.

ಮಾಮಾ ಬಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅತ್ತಿ, "ನಾನ ಡಿಶ್ ಅದಲಬದಲ ಇಟ್ಟೀನ್ರಿ" ಅಂದುಬಿಟ್ಟಳು. ಮಾಮಾ ಸೀದಾ ಕೊಕಟನೂರಿಗೆ ಹೋದ. ಅಷ್ಟೊತ್ತಿಗೆ ಆ ಮಗ ಮಿರಜಿನಲ್ಲಿ ರೈಲು ಹತ್ತಿ ಹೋಗಿದ್ದ. ಅವನ ತಾಯಿ ಏನು ಅಂದಳೋ, ಹೇಗೆ ಅತ್ತಳೋ, ಮಾಮಾ ಎಂದೂ ಹೇಳಲಿಲ್ಲ. ತಿರುಗಿ ಬಂದವನು ಹುಡುಗರೆಲ್ಲರ ಎದುರು ಅತ್ತಿಯ ಮೇಲೆ ಹರಿಹಾಯ್ದ. "ಹದಿನೆಂಟ ವರ್ಷ ಕಲಿಸಿದ್ದು ಹೊಳ್ಯಾಗ ಹುಣಚಿಹಣ್ಣ ತೊಳದಂಗಾತು! ಇನ್ನ ಮ್ಯಾಲೆ ಈ ಕತ್ತಲ ಖೋಲಿ ಹೊಸ್ತಲಾ ದಾಟಬ್ಯಾಡ ನೀ." ಅತ್ತಿ ತಲೆ ಬಗ್ಗಿಸಿ ನಿಂತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ.

ನಾಕು ದಿನ ನಾಕು ತಿಂಗಳಾಯಿತು. ಮಾಮಾ ಕರೆಯಲಿಲ್ಲ. ಕರೆಯುವ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ ಅತ್ತಿಯ ಜಾಗದಲ್ಲಿ ನಾನು ನಿಂತೆ, ಒಂದು ತಪ್ಪೂ ಮಾಡದಂತೆ ನಿಂತೆ. ಪ್ರತಿ ಸಲ ಬೆರಳು ಅದ್ದಿ ನೋಡುತ್ತಿದ್ದೆ. ಮಾಮಾ ಹುಡುಗರಿಗೆ ನನ್ನನ್ನೇ ತೋರಿಸಿ, "ಹಿಂಗ ಮಾಡ್ರಿ" ಅನ್ನುತ್ತಿದ್ದ. ಅತ್ತಿ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ಮುಚ್ಚಿದ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. "ಯಾರ ಬಂದ್ರ?" ಅಂತ ಕೇಳುತ್ತಿದ್ದಳು. ನಾನು ಒಳಗಿಂದ, "ಮದುಮಗಳ ಬಂದಾಳ ಅತ್ತಿ", "ಪಟಗದ ಮುತ್ಯಾ ಬಂದಾನ" ಅಂತ ಹೇಳುತ್ತಿದ್ದೆ. "ಕುಂದ್ರಸು, ಕುಂದ್ರಸು" ಅಂದು ಒಲೆಯ ಕಡೆ ಹೋಗುತ್ತಿದ್ದಳು. ನಡುವೆ ಇದ್ದದ್ದು ಒಂದು ಹಲಗೆಯ ಬಾಗಿಲು, ಒಂದು ಕರಿ ಪರದೆ. ನಾನು ಒಂದು ಮಾತು ಆಡಿದ್ದರೆ ಆ ಬಾಗಿಲು ತೆರೆಯುತ್ತಿತ್ತು. ನಾಳೆ ಹೇಳುತ್ತೇನೆ, ಪರೀಕ್ಷೆ ಮುಗಿಯಲಿ, ಹತ್ತನೇ ಇಯತ್ತೆ ಪಾಸಾಗಲಿ ಅಂತ ದಿನ ದೂಡಿದೆ. ಓದುವವರೇ, ನಿಮ್ಮ ಬಾಲ್ಯದಲ್ಲೂ ಇಂಥ ಒಂದು ಮಾತು ಗಂಟಲಲ್ಲೇ ಉಳಿದಿದ್ದರೆ ನಿಮಗೆ ನನ್ನ ಸಂಕಟ ತಿಳಿಯುತ್ತದೆ. ಇರದಿದ್ದರೆ ನೀವು ಪುಣ್ಯವಂತರು.

ಎರಡು ವರ್ಷವಾಗುವ ಹೊತ್ತಿಗೆ ಅತ್ತಿಗೆ ಕಾಮಣಿ ಆಗಿ ಕಣ್ಣೆಲ್ಲ ಹಳದಿಯಾಯಿತು. ನಾಟಿ ಔಷಧ ಆಯಿತು, ಮಿರಜಿನ ದವಾಖಾನೆಯೂ ಆಯಿತು. ಹದಿನೇಳು ದಿನಕ್ಕೆ ನಮ್ಮತ್ತಿ ಹೋದಳು. ಗೋಡೆಗೆ ಆನಿಸಿ ಕೂರಿಸಿ ಹೂವು ಏರಿಸಿದ ಮೇಲೆ ಮಾಮಾ ಕ್ಯಾಮೆರಾ ತಂದು ಸ್ಟ್ಯಾಂಡಿಗೆ ಏರಿಸಿದ. ಮಾರಿ ಮ್ಯಾಲಿನ ಬೆಳಕ ನೋಡ್ರಿ ಅನ್ನುತ್ತಿದ್ದವನು ನೆಲ ನೋಡುತ್ತ ನಿಂತ. "ನೀನ ತಗಿಯವಾ" ಅಂದ. ಅತ್ತಿಯ ಎರಡನೇ ಫೋಟೊವನ್ನೂ ನಾನೇ ತೆಗೆದೆ.

ಆ ಮನೆ ಈಗಿಲ್ಲ. ಬಣ್ಣದ ಫೋಟೊ ಬಂದು ರೋಲುಗಳೆಲ್ಲ ಮಿರಜಿನ ಲ್ಯಾಬಿಗೆ ಹೋಗತೊಡಗಿದ ಮೇಲೆ ಕತ್ತಲೆ ಕೋಣೆಗೆ ಮತ್ತೆ ಜೋಳದ ಚೀಲ ಬಂದವು. ಮಾಮಾ ಹೋದ ಮೇಲೆ ರಸ್ತೆ ಅಗಲ ಮಾಡುವಾಗ ಸ್ಟುಡಿಯೋ ಹೋಯಿತು, ಉಳಿದದ್ದು ಮಾರಾಟವಾಯಿತು. ಮೊನ್ನೆ ಗೋಬಿ ಗಾಡಿಯವನು ನಿಂತಿದ್ದ ಜಾಗದಿಂದ ಅದು ನೂರು ಹೆಜ್ಜೆಯೂ ಇಲ್ಲ. ನಾನೂ ಈಗ ಹುಡುಗ ಹುಡುಗಿಯರಿಗೆ ಫೋಟೊ ಕಲಿಸುತ್ತೇನೆ, ಮೊದಲು ರಟ್ಟು ಕೊಡುತ್ತೇನೆ. ನನ್ನ ಕೋಣೆಯ ಗೋಡೆಯ ಮೇಲೆ ಅತ್ತಿಯ ಆ ಫೋಟೊ ಇದೆ, ಅದೇ ನೆಗೆಟಿವ್‌ನಿಂದ ಎರಡನೇ ಸಲ ಹಾಕಿದ ಪ್ರಿಂಟು. ಕಣ್ಣು ಮುಚ್ಚಿಯೇ ಇದೆ. ಊರಿಗೆಲ್ಲ ಕಣ್ಣು ತೆರೆಸಿದ ಮಾಮಾ ಅವಳ ಕಣ್ಣು ಮಾತ್ರ ತೆರೆಸಲಿಲ್ಲ, ನಾನು ಕುಂಚ ಹಿಡಿದರೂ "ಇರ್ಲಿ ಬಿಡು" ಅಂದ. ಯಾಕೆಂದು ಹುಡುಗಿಯರು ಕೇಳುತ್ತಾರೆ. ಅವರಿಗೆ ಹೇಳದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ.

ಅತ್ತಿ ಹೋದ ಹದಿನೈದನೇ ದಿನ, ಮಧ್ಯಾಹ್ನ. ಆ ಫೋಟೊ ಪ್ರಿಂಟು ಹಾಕಲು ಮಾಮಾ ಮತ್ತು ನಾನು ಒಳಗೆ ಹೋದೆವು. ಕೆಂಪು ದೀಪದ ಕೆಳಗೆ ಕಾಗದವನ್ನು ಡೆವಲಪರಿನಲ್ಲಿ ಇಳಿಸಿದೆ. ಮೊದಲು ಹೂವಿನ ಮಾಲೆ ಮೂಡಿತು, ಆಮೇಲೆ ಹಣೆಯ ವಿಭೂತಿ, ಆಮೇಲೆ ಮುಚ್ಚಿದ ಕಣ್ಣು. ಮಾಮಾ ಅಭ್ಯಾಸಬಲದಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಹೊರಗಿಂದ ಯಾರೂ ಕೇಳಲಿಲ್ಲ. ಬಂದವಳನ್ನು ಬರ್ರಿ ಅನ್ನುವವರೂ ಇರಲಿಲ್ಲ. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. "ಮಾಮಾ, ಕೊಕಟನೂರಿನ ರೋಲ್ ಕೆಡಿಸಿದಾಕಿ ನಾನು. ಅತ್ತಿ ಅಲ್ಲ" ಅಂದೆ.

ಮಾಮಾ ನನ್ನ ಕಡೆ ತಿರುಗಿದ. ಬಡಿಯುತ್ತಾನೆ ಅಂದುಕೊಂಡೆ, ಬಡಿದರೆ ಚಲೋ ಅಂದುಕೊಂಡೆ. "ಹಂಗಾರ ಎರಡ ವರ್ಷ ಆಕಿನ್ನ ಸುಳ್ಳ ಸುಳ್ಳ ಹೊರಗ ನಿಂದ್ರಸಿದ್ನೇನವಾ ನಾ?" ಅಂದ. ಆಮೇಲೆ ಹೋಗಿ ಕರಿ ಪರದೆ ಸರಿಸಿದ, ಅಗಳಿ ತೆಗೆದ, ಎರಡೂ ಕದ ಅಗಲವಾಗಿ ತೆರೆದ. ಪ್ರಿಂಟು ಇನ್ನೂ ಡೆವಲಪರಿನಲ್ಲೇ ಇತ್ತು. ಮಧ್ಯಾಹ್ನದ ಬೆಳಕು ಅದರ ಮೇಲೆ ಬಿದ್ದು ಹೂವು ಕಪ್ಪಾಯಿತು, ವಿಭೂತಿ ಕಪ್ಪಾಯಿತು, ಅತ್ತಿಯ ಮುಖವೆಲ್ಲ ಕಪ್ಪಾಗಿ ಮುಳುಗಿತು. ಬೆಳಕಿಗೆ ಬಾಗಿಲು ತೆರೆದ ಹುಡುಗರ ಕೈಗೆ ಹೊಡೆಯುತ್ತಿದ್ದ ಮಾಮಾ ತಿರುಗಿಯೂ ನೋಡಲಿಲ್ಲ. ಅಡಿಗೆಮನೆಯ ಕಡೆ ಮುಖ ಮಾಡಿ, ಒಬ್ಬರು ಒಳಗೆ ಬರುವಷ್ಟು ಜಾಗ ಬಿಟ್ಟು, ಬಾಗಿಲ ಪಕ್ಕಕ್ಕೆ ಸರಿದು ನಿಂತ.