ಎರಡು ಬೆರಳು, ಒಂಬತ್ತು ಕಿಲೋಮೀಟರ್

ಹೆತ್ತೂರಿಗೆ ಸೈಕಲ್ ತುಳಿದು ವಾಪಸ್ ಬಂದ ಆ ಭಾನುವಾರ ಬಲಗೈಯ ಕಿರುಬೆರಳು ಜೋಮು ಹಿಡಿದಿತ್ತು. ಅದರ ಜೊತೆಗೆ ಉಂಗುರದ ಬೆರಳಿನ ಅರ್ಧ. ಸೈಕಲ್ಲನ್ನು ಗೋಡೆಗೆ ಒರಗಿಸಿ ಕೈ ಕೊಡವಿದೆ. ದೂರ ಹೋಗಿ ಬಂದ ದಿನ ಹಾಗಾಗುವುದು ಹೊಸದಲ್ಲ. ಸ್ನಾನ ಮುಗಿಸುವಷ್ಟರಲ್ಲಿ ಸರಿಹೋಗುತ್ತಿತ್ತು.

ಈ ಸಲ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಮೂರು ಬೆರಳಿಗೆ ಬಿಸಿ ತಾಗಿತು, ಎರಡಕ್ಕೆ ಇಲ್ಲ. ವಿಚಿತ್ರವೆನಿಸಿ, ಪರೀಕ್ಷೆ ಮಾಡುವವಳಂತೆ ಆ ಎರಡು ಬೆರಳಲ್ಲೇ ಲೋಟ ಒತ್ತಿ ಹಿಡಿದುಕೊಂಡು ಕೂತಿದ್ದೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಕಿರುಬೆರಳಿನ ತುದಿ ಕಣ್ಣಿಗೆ ಬಿತ್ತು.

ಬೊಬ್ಬೆ ಎದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ನಾನು ಸಕಲೇಶಪುರದ ಹೊರಗೆ, ಕಾಫಿ ಬೀಜ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಳೆಗಾರರು ತಂದ ಸ್ಯಾಂಪಲ್ಲನ್ನು ಬಿಳಿ ಹಾಳೆಯ ಮೇಲೆ ಹರಡಿ ಕಪ್ಪು ಬೀಜ, ಒಡೆದ ಬೀಜ, ಹುಳು ಕೊರೆದ ಬೀಜ ಹೆಕ್ಕಿ ತೆಗೆದು ದರ್ಜೆ ಬರೆಯುವುದು ನನ್ನ ಕೆಲಸ. ಓದಿದ್ದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ.; ಆದರೆ ದಿನದ ಬಹುಪಾಲು ನಡೆಯುವುದು ಹೆಬ್ಬೆರಳು ಮತ್ತು ತೋರುಬೆರಳಿನಿಂದ. ಮನೆ ಬಾಳ್ಳುಪೇಟೆಯಿಂದ ಒಳಗೆ. ಅಪ್ಪ, ಅಮ್ಮ, ಮೂರು ಎಕರೆ ಕಾಫಿ. ಅಲ್ಲಿಂದ ಕೆಲಸಕ್ಕೆ ಒಂಬತ್ತು ಕಿಲೋಮೀಟರ್. ಹೈವೇಯಲ್ಲಿ ಲಾರಿಗಳ ಕಾಟವೆಂದು ಎಸ್ಟೇಟ್‌ಗಳ ನಡುವಿನ ಒಳರಸ್ತೆ ಹಿಡಿಯುತ್ತೇನೆ. ನಾಲ್ಕು ಏರು, ನಾಲ್ಕು ಇಳಿಜಾರು.

ಎರಡು ವರ್ಷದಿಂದ ಗೇರ್ ಸೈಕಲ್ಲಿನಲ್ಲೇ ಓಡಾಟ. ಹೆಲ್ಮೆಟ್, ಹಿಂದೆ ಕೆಂಪು ದೀಪ, ಮಳೆಗಾಲಕ್ಕೆ ಉದ್ದದ ಮಡ್‌ಗಾರ್ಡ್, ಬಟ್ಟೆ ಬದಲಿಸಲು ಕ್ಯಾರಿಯರ್ ಮೇಲೊಂದು ಚೀಲ. ಮಳೆಯಲ್ಲಿ ಹ್ಯಾಂಡಲ್ ಹಿಡಿ ಜಾರುತ್ತದೆಂದು ಜೂನ್‌ನಲ್ಲಿ ಒಮ್ಮೆ ಗೊಣಗಿದ್ದಕ್ಕೆ ಅಪ್ಪ ಮರುದಿನವೇ ಹಳೆಯ ಟ್ಯೂಬ್ ಸೀಳಿ ಎರಡೂ ಹಿಡಿಗೆ ಬಿಗಿಯಾಗಿ ಸುತ್ತಿಕೊಟ್ಟಿದ್ದರು. ದಾರಿಯಲ್ಲಿ ಜೀಪ್ ನಿಲ್ಲಿಸಿ "ಏನವ್ವ, ಸ್ಕೂಟಿ ಮಾರ್ಬುಟ್ಯಾ?" ಎಂದು ಕೇಳುವವರು ಈಗಲೂ ಇದ್ದಾರೆ. ಅಮ್ಮನದು ಬೇರೆ ರಾಗ. "ಎಮ್ಮೆಸ್ಸಿ ಓದ್ಬುಟ್ಟು ಹೈಸ್ಕೂಲ್ ಹುಡ್ಗಿ ಥರ ಸೈಕಲ್ ತುಳೀತಾಳೆ. ಯಾರಾದ್ರೂ ಕೇಳಿದ್ರೆ ನಾನೇನ್ ಹೇಳದು?"

ಏನೂ ಹೇಳಬೇಕಾಗಿಲ್ಲ. ಮನೆಯಲ್ಲಿ, ಕೆಲಸದಲ್ಲಿ ಯಾರಾದರೂ ಏನಾದರೂ ಕೇಳುತ್ತಲೇ ಇರುತ್ತಾರೆ. ಆ ಒಂಬತ್ತು ಕಿಲೋಮೀಟರ್ ನಾನು ಯಾರಿಗೂ ಉತ್ತರ ಕೊಡಬೇಕಿಲ್ಲ. ಏರಿನಲ್ಲಿ ಉಸಿರು, ಇಳಿಜಾರಿನಲ್ಲಿ ಬ್ರೇಕು. ಅಷ್ಟೇ ಲೆಕ್ಕ. ನನ್ನಂಥವಳಿಗೆ ಅದು ವ್ಯಾಯಾಮಕ್ಕಿಂತ ದೊಡ್ಡದು.

ಬೆರಳಿನ ವಿಷಯ ಯಾರಿಗೂ ಹೇಳಲಿಲ್ಲ. ಬೊಬ್ಬೆಗೆ ಬ್ಯಾಂಡೇಜ್ ಅಂಟಿಸಿ, ಬೀಜ ಹುರಿಯುವಾಗ ತಾಗಿತು ಎಂದೆ. ಎರಡನೇ ವಾರ ಬೀಗದ ಕೀಲಿ ತಿರುಗಿಸುವುದು ಕಷ್ಟವಾಯಿತು. ಮೂರನೇ ವಾರ ಹೆಕ್ಕಿದ ಬೀಜ ಬಟ್ಟಲು ಮುಟ್ಟುವ ಮೊದಲೇ ಜಾರತೊಡಗಿತು. ಲ್ಯಾಬಿನ ಪಕ್ಕದ ಹಾಲ್‌ನಲ್ಲಿ ಬೀಜ ಆರಿಸುವ ಜಯಕ್ಕ ಸ್ಯಾಂಪಲ್ ಕೊಡಲು ಬಂದವರು ನಿಂತು ನೋಡಿದರು.

"ಏನ್ ಮೇಡಂ, ಕೈಗೆ ಬೆಣ್ಣೆ ಸವ್ರಿಕೊಂಡಿದ್ದೀರಾ?"

ನಕ್ಕೆ. ಜಯಕ್ಕ ನಗಲಿಲ್ಲ. ನೆಲದ ಮೇಲೆ ಬಿದ್ದ ಬೀಜಗಳನ್ನು ಬಗ್ಗಿ ಆರಿಸಿ ಬಟ್ಟಲಿಗೆ ಹಾಕಿ, "ಕೈ ನಂಬ್ಕಂಡು ಬದುಕೋರು ನಾವು. ತೋರಿಸ್ಕಳಿ," ಎಂದು ಹೋದರು.

ತೋರಿಸದೆ ಇದ್ದುದಕ್ಕೆ ಕಾರಣವಿತ್ತು. ಫೋನಿನಲ್ಲಿ ಹುಡುಕಿದ್ದೆ. ಬಿಸಿ ತಿಳಿಯದ ಬೆರಳು, ನೋವಿಲ್ಲದ ಬೊಬ್ಬೆ, ಕ್ಷೀಣಿಸುವ ಹಿಡಿತ. ಮೊದಲ ಪುಟದಲ್ಲೇ ಆ ಪದ ಇತ್ತು.

ಕುಷ್ಠ.

ನನ್ನ ಎಡಭುಜದ ಹಿಂದೆ ಚಿಕ್ಕಂದಿನಿಂದ ಒಂದು ತೆಳುಬಿಳಿ ಮಚ್ಚೆ ಇದೆ. ಹೊಟ್ಟೆಹುಳದಿಂದ ಬಂದದ್ದು ಎಂದು ಅಮ್ಮ ಅನ್ನುತ್ತಿದ್ದರು. ಬಚ್ಚಲಿನ ಬಾಗಿಲು ಹಾಕಿಕೊಂಡು, ಎರಡು ಕನ್ನಡಿ ಹಿಡಿದು ಅದನ್ನು ದಿನಾ ನೋಡತೊಡಗಿದೆ. ದೊಡ್ಡದಾಗಿದೆಯೇ? ಆಕಾರ ಬದಲಾಗಿದೆಯೇ? ನನ್ನ ತಟ್ಟೆಯಲ್ಲಿ ಅಮ್ಮ ಕೈ ಹಾಕಿದರೆ ಬೆಚ್ಚುತ್ತಿದ್ದೆ. ಓದಿದವಳು ನಾನು. ಆ ಕಾಯಿಲೆಯ ಬಗ್ಗೆ ಭಾಷಣ ಸ್ಪರ್ಧೆಯಲ್ಲಿ ಮಾತಾಡಿ ಬಹುಮಾನ ಪಡೆದವಳು. ವೇದಿಕೆಯ ಮೇಲೆ ಹೇಳಿದ ಒಂದು ಮಾತೂ ಬಚ್ಚಲುಮನೆಯಲ್ಲಿ ನನ್ನ ನೆರವಿಗೆ ಬರಲಿಲ್ಲ.

ಐದನೇ ವಾರ ಪೆನ್ನು ಹಿಡಿದು ಬರೆದ ನನ್ನ ಸಹಿಯೇ ನನ್ನದಲ್ಲದ ಹಾಗೆ ಕಂಡಿತು. ಅಂದು ರಜೆ ಹಾಕಿ ಹಾಸನಕ್ಕೆ ಹೋದೆ.

ನರರೋಗ ತಜ್ಞರದು ಮಾತು ಕಡಿಮೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚೀಟಿ ಹಿಡಿಸಿ ಎಳೆದರು. ಎಡಗೈಯಲ್ಲಿ ಚೀಟಿ ಹರಿಯಿತು. ಬಲಗೈಯಿಂದ ಸುಮ್ಮನೆ ಜಾರಿ ಬಂತು.

"ಎಷ್ಟು ದಿನ ಆಯ್ತು?"

"ಐದು ವಾರ."

"ಐದು ವಾರ ಏನ್ ಮಾಡ್ತಿದ್ರಿ?"

ಅವರು ಮೊಣಕೈಯ ಒಳಮೂಳೆಯ ಹಿಂದೆ ಬೆರಳಿಟ್ಟು ನರವನ್ನು ತಡವಿ ನೋಡಿದರು. ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು.

"ಮೈಮೇಲೆ ಎಲ್ಲಾದ್ರೂ ಬಿಳಿಚಿದ ಮಚ್ಚೆ ಇದ್ಯಾ?"

"ಇದೆ."

ಅದು ನನ್ನ ದನಿಯಂತೆ ಕೇಳಲಿಲ್ಲ. ನರ್ಸ್ ಭುಜದ ಬಟ್ಟೆ ಸರಿಸಿದರು. ಕಣ್ಣು ಮುಚ್ಚಿ, ಮುಟ್ಟಿದಾಗಲೆಲ್ಲ ಹೇಳಿ ಎಂದರು ಡಾಕ್ಟರ್. ಹತ್ತಿಯ ಎಳೆ. "ಹೂಂ," ಎಂದೆ. ಮತ್ತೆ. "ಹೂಂ." ಇನ್ನೊಂದು ಕಡೆ. "ಹೂಂ." ಜೀವನದಲ್ಲಿ ಯಾವ ಪ್ರಶ್ನೆಗೂ ಅಷ್ಟು ಆಸೆಯಿಂದ ಹೂಂ ಅಂದಿರಲಿಲ್ಲ. ಕೊನೆಗೆ ಬಲ ಅಂಗೈಯ ಹಿಂಬದಿ, ಕಿರುಬೆರಳಿನ ಬುಡದಲ್ಲಿ ಮುಟ್ಟಿದರು. ಅಲ್ಲೂ ಗೊತ್ತಾಯಿತು. ಒಳಬದಿಯಲ್ಲಿ ಮಾತ್ರ ಇಲ್ಲ.

"ಕೈ ಹಿಂಬದಿಗೆ ಹೋಗೋ ಕವಲು ಮಣಿಕಟ್ಟಿಗಿಂತ ಮೊದಲೇ ಬೇರೆ ಆಗುತ್ತೆ, ಅದು ಸರಿ ಇದೆ. ಹಾಗಾದ್ರೆ ತೊಂದರೆ ಇರೋದು ಮಣಿಕಟ್ಟಲ್ಲಿ. ಮೊಣಕೈಲಿ ನರ ದಪ್ಪ ಆಗಿಲ್ಲ, ಮಚ್ಚೆಗೆ ಸ್ಪರ್ಶ ಇದೆ." ಅವರು ಮೊದಲ ಸಲ ನನ್ನ ಮುಖ ನೋಡಿದರು. "ನೀವು ಹೆದರಿಕೊಂಡಿರೋ ಕಾಯಿಲೆ ಇದಲ್ಲ. ಆಗಿದ್ರೂ ಮಾತ್ರೆಗೆ ವಾಸಿ ಆಗ್ತಿತ್ತು. ಬಚ್ಚಿಟ್ಕೊಂಡ್ರೆ ಮಾತ್ರ ಕೈ ಹೋಗೋದು, ಅದಾದ್ರೂ ಅಷ್ಟೇ, ಇದಾದ್ರೂ ಅಷ್ಟೇ."

ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿದರು. ಕರೆಂಟ್ ಕೊಟ್ಟಾಗ ಎಡಗೈ ಬೆರಳು ಚಿಮ್ಮಿತು. ಬಲಗೈಯದು ಯೋಚಿಸಿ ಅಲುಗಿತು. ರಿಪೋರ್ಟಿನಲ್ಲಿ ಅದೇ ಇತ್ತು: ಕಿರುಬೆರಳಿಗೆ ಹೋಗುವ ಅಲ್ನರ್ ನರ್ವ್ ಮಣಿಕಟ್ಟಿನಲ್ಲಿ ಒತ್ತಿಹೋಗಿದೆ.

"ಅಂಗೈ ಒತ್ತಿ ಹಿಡಿಯೋ ಕೆಲಸ ಏನಾದ್ರೂ ಮಾಡ್ತೀರಾ?"

"ದಿನಾ ಸೈಕಲ್ ತುಳೀತೀನಿ."

"ನಿಲ್ಲಿಸಿ. ಮಣಿಕಟ್ಟು ಬಾಗದ ಹಾಗೆ ಸ್ಪ್ಲಿಂಟ್ ಹಾಕಿ, ಫಿಸಿಯೋ ಮಾಡಿ. ಮೂರು ತಿಂಗಳು ನೋಡೋಣ. ನರ ಎಚ್ಚರ ಆಗದಿದ್ರೆ ಆಪರೇಷನ್. ಅದಾದ್ಮೇಲೂ ಪೂರ್ತಿ ಬರುತ್ತೆ ಅಂತ ಬರೆದುಕೊಡಕ್ಕಾಗಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಕುಷ್ಠವಲ್ಲ ಎಂಬ ಸಮಾಧಾನಕ್ಕೆ. ಆ ಸಮಾಧಾನ ಬಂದ ರಭಸ ನೋಡಿ ಆದ ನಾಚಿಕೆಗೂ ಸ್ವಲ್ಪ.

ಮನೆಯಲ್ಲಿ ಅಂದು ಹೇಳಿದೆ. ಅಮ್ಮ ಕೂಗಾಡಿದರು. ಅಪ್ಪ ನನ್ನ ಕೈಯನ್ನೇ ನೋಡುತ್ತಾ ಕೂತರು.

ಅದೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ನನ್ನದೇ ವಯಸ್ಸಿನ ಹುಡುಗಿ. ಮೊದಲ ದಿನವೇ, "ಮುಂದಿನ ಸಲ ಸೈಕಲ್ ತನ್ನಿ. ನೀವು ಹೇಗೆ ಕೂರ್ತೀರಿ ನೋಡಬೇಕು," ಅಂದಳು. ಅಪ್ಪ ಪಕ್ಕದ ತೋಟದವರ ಪಿಕಪ್ಪಿನಲ್ಲಿ ಸೈಕಲ್ ಹಾಕಿಕೊಂಡು, ನನ್ನನ್ನೂ ಕೂರಿಸಿಕೊಂಡು ಹೊರಟರು. ಆಸ್ಪತ್ರೆ ಗೇಟಿನಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ.

"ಇದೇನ್ ಯಜಮಾನ್ರೇ, ಸೈಕಲ್‌ಗೂ ಚೀಟಿ ಮಾಡ್ಸಿದ್ದೀರಾ?"

"ಇನ್ನೂ ಮಾಡ್ಸಿಲ್ಲ ಕಣಪ್ಪ. ಡಾಕ್ಟ್ರಮ್ಮ ಕರ್ದವ್ರೆ. ಬರ್ಕೋ, ವಯಸ್ಸು ಎರಡು ವರ್ಷ."

ವಾರಗಳ ನಂತರ ನಾನು ಗಟ್ಟಿಯಾಗಿ ನಕ್ಕಿದ್ದು ಆಗಲೇ. ಒಳಗೆ ಹೋದ ಮೇಲೆ ಆ ನಗು ಉಳಿಯಲಿಲ್ಲ.

ಅಪ್ಪ ಗೋಡೆ ಕಡೆ ಸೈಕಲ್ ಹಿಡಿದು ನಿಂತರು, ನಾನು ಹತ್ತಿ ಕೂತೆ. ಆ ಹುಡುಗಿ ನನ್ನ ಅಂಗೈ ಎತ್ತಿ, ಅದರ ಕೆಳಗಿನ ಹಿಡಿಯ ಮೇಲೆ ಬೆರಳಾಡಿಸಿದಳು. ಒಂದು ಕಡೆ ನಿಲ್ಲಿಸಿದಳು. ಅಲ್ಲೊಂದು ದಿಂಡಿತ್ತು.

ನಮ್ಮಲ್ಲಿ ಗಿಡ ಸವರುವ ಕತ್ತಿ, ಗರಗಸ, ಗುದ್ದಲಿ, ಎಲ್ಲದರ ಹಿಡಿಗೂ ಟ್ಯೂಬ್ ರಬ್ಬರ್ ಸುತ್ತುವುದು ರೂಢಿ. ಸುತ್ತಿ ಮುಗಿಸುವ ಕಡೆ ಪಟ್ಟಿಯನ್ನು ಹುರಿ ಮಾಡಿ ದಿಂಡು ಕಟ್ಟುತ್ತಾರೆ. ಬೀಸುವಾಗ ಕೈ ಜಾರದಂತೆ ಅಂಗೈಯ ಅಂಚಿಗೆ ಅದು ಆನಿಕೆ. ಅಪ್ಪ ಹ್ಯಾಂಡಲ್‌ಗೂ ಹಾಗೇ ಕಟ್ಟಿದ್ದರು. ಇಳಿಜಾರಿನಲ್ಲಿ ನಾನು ಹೆಚ್ಚಾಗಿ ಹಿಡಿಯುವುದು ಬಲಗಡೆಯ ಬ್ರೇಕನ್ನೇ; ಮೈಭಾರ ಬಿಟ್ಟಾಗಲೆಲ್ಲ ಆ ದಿಂಡು ಕೂರುತ್ತಿದ್ದುದು ಸರಿಯಾಗಿ ನರದ ಮೇಲೆ.

"ಇದನ್ನ ಸುತ್ತಿದ್ದು ಯಾರು?" ಅವಳು ಕೇಳಿದಳು.

ಅಂಗಡಿಯವರು ಎನ್ನಲು ಬಾಯಿ ತೆರೆದೆ.

"ನಾನೇ ಕಣಮ್ಮ," ಅಂದರು ಅಪ್ಪ.

ಅವಳು ಕೆಳಗೆ ಬಗ್ಗಿ ಸೀಟು ನೋಡಿದಳು. "ಮತ್ತೆ ಇದರ ಮೂತಿ ಇಷ್ಟು ಕೆಳಗೆ ಬಗ್ಗಿಸಿದ್ದು? ಮುಂದಕ್ಕೆ ಜಾರ್ತಾ ಜಾರ್ತಾ ಭಾರ ಎಲ್ಲಾ ಕೈಗೆ ಬರ್ತಿದೆ."

"ಅದು ನಾನು," ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ಯಾವುದೋ ವಿಡಿಯೋ ನೋಡಿ ನಾನೇ ಬಗ್ಗಿಸಿದ್ದು. ತಪ್ಪಿನಲ್ಲಿ ನನಗೂ ಪಾಲು ಸಿಕ್ಕಿದ್ದಕ್ಕೆ ಅಷ್ಟು ಹಗುರವಾಗುತ್ತದೆಂದು ಗೊತ್ತಿರಲಿಲ್ಲ.

ವಾಪಸ್ ಬರುವಾಗ ಅಪ್ಪ ಗಾಡಿ ಓಡಿಸುತ್ತಾ ಆಲೂರು ದಾಟಿದರು. ಆಮೇಲೆ ರಸ್ತೆ ನೋಡುತ್ತಲೇ, "ಕತ್ತಿಗೆ ಕಟ್ಟದ್ನೇ ಹ್ಯಾಂಡ್ಲಿಗೂ ಕಟ್ಬುಟ್ಟೆ ನೋಡು ಮಗ," ಅಂದರು.

"ಸೀಟ್ ಬಗ್ಗಿಸಿದ್ದು ನಾನಲ್ವಾ ಅಪ್ಪ."

"ಅದೂ ಐತೆ ಬಿಡು."

ಅರ್ಧ ಒಪ್ಪಿಕೊಂಡರು. ಇನ್ನರ್ಧ ಅವರಲ್ಲೇ ಉಳಿಯಿತು.

ಬಸ್ಸಿನ ದಿನಗಳು ಶುರುವಾದವು. ಮಲಗುವಾಗ ಸ್ಪ್ಲಿಂಟ್. ಎದ್ದ ಮೇಲೆ ಬೆರಳು ಅಗಲಿಸು, ಕೂಡಿಸು, ರಬ್ಬರ್ ಬ್ಯಾಂಡ್ ಹಿಗ್ಗಿಸು. ಹಗಲು ಲ್ಯಾಬಿನಲ್ಲಿ ಎಡಗೈಯಲ್ಲಿ ಹೆಕ್ಕಲು ಕಲಿತೆ, ನಿಧಾನ. ಉಳಿದದ್ದನ್ನು ಜಯಕ್ಕ ಕೇಳದೆಯೇ ಮಾಡಿಟ್ಟು ಹೋಗುತ್ತಿದ್ದರು. ಮೈ ಚಡಪಡಿಸುತ್ತಿತ್ತು. ಬಸ್‌ಸ್ಟಾಪಿಗೆ ಎರಡು ಕಿಲೋಮೀಟರ್ ನಡೆದರೂ ಸಾಲದು. ಮಗಳು ಕೊನೆಗೂ ಬಸ್ಸು ಹತ್ತಿದಳೆಂದು ಮೊದಲು ಖುಷಿಪಟ್ಟ ಅಮ್ಮನೇ ಮೂರನೇ ವಾರ, "ಸೈಕಲ್ ತುಳೀವಾಗ ನೀನು ಇಷ್ಟು ಸಿಡುಕ್ತಿರ್ಲಿಲ್ಲ ಕಣೆ," ಅಂದರು.

ಆರು ವಾರಕ್ಕೆ ಹೋದಾಗ ಹಿಡಿತ ಸ್ವಲ್ಪ ಬಂದಿತ್ತು. ಸ್ಪರ್ಶ ಇಲ್ಲ. ಡಾಕ್ಟರ್ ಕಾಗದದ ಮೇಲೆ ಆಪರೇಷನ್ ಎಂಬ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆ ಚಿಹ್ನೆಯನ್ನು ಮನೆಯಲ್ಲಿ ಎಷ್ಟು ಸಲ ತೆಗೆದು ನೋಡಿದೆನೋ.

ಡಿಸೆಂಬರ್. ಹಣ್ಣು ಕೊಯ್ಲು. ಹಗುರ ಕೆಲಸ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದರಿಂದ ಒಂದು ಭಾನುವಾರ ನಾನೂ ಅಪ್ಪ ಅಮ್ಮನ ಜೊತೆ ತೋಟಕ್ಕಿಳಿದೆ. ಮೂರು ತಿಂಗಳ ಗಡುವಿಗೆ ಒಂಬತ್ತು ದಿನ ಬಾಕಿ. ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆ, ಚಗಳಿ, ಕೊಯ್ಯುವವರಿಗೆಲ್ಲ ಶತ್ರು. ನೋಡದೆ ಒಂದು ರೆಂಬೆ ಎಳೆದೆ.

"ಅಯ್ಯಮ್ಮಾ!"

ಬೆಂಕಿಯ ಸೂಜಿ ಚುಚ್ಚಿದಂತಾಯಿತು. ಕೈ ಕೊಡವಿ ನೋಡಿದೆ. ಬಲಗೈ. ಕಿರುಬೆರಳು. ಒಳಬದಿ.

"ಏನಾಯ್ತೇ? ಹಾವಾ?" ಅಮ್ಮ ಚೀಲ ಬಿಸಾಕಿ ಓಡಿ ಬಂದರು.

"ಚಗಳಿ ಅಮ್ಮ! ಕಿರುಬೆರಳಿಗೆ ಕಚ್ತು! ಉರೀತೈತೆ!"

"ಚಗಳಿ ಕಚ್ಚಿದ್ದಕ್ಕೆ ಊರೆಲ್ಲಾ ಕೇಳಂಗೆ ಕೂಗ್ತಾರೇನೆ? ನಗ್ತಾ ಬೇರೆ ಅವ್ಳೆ. ತಲೆಗೂ ತೋರಿಸ್ಬೇಕು ಇವ್ಳಿಗೆ!"

ಪಕ್ಕದ ಸಾಲಿನಲ್ಲಿದ್ದ ಅಪ್ಪನಿಗೆ ಅರ್ಥವಾಯಿತು. ಬಂದು ನನ್ನ ಬೆರಳು ಹಿಡಿದು, ಕೆಂಪಾದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗೈ ತಿರುಗಿಸಿ ನೋಡಿಕೊಂಡರು.

"ಈ ಬೆರಳಿಗೆ ಚಗಳಿ ಕಚ್ಚಿದ್ದು ಗೊತ್ತಾಗಿ ನಂಗೆ ಎಷ್ಟ್ ವರ್ಷ ಆಯ್ತೋ. ಕೆಲ್ಸ ಮಾಡೋ ಕೈ ಹಿಂಗೇ ಇರದು ಅನ್ಕಂಡಿದ್ದೆ."

"ಯಾಕಪ್ಪ ಹೇಳ್ಲಿಲ್ಲ?"

"ನೀನು ಹೇಳಿದ್ಯಾ?"

ಒಂಬತ್ತು ದಿನದ ನಂತರ ಇಬ್ಬರೂ ಹೋದೆವು. ನನ್ನ ಕಾಗದದ ಮೇಲಿನ ಪ್ರಶ್ನಾರ್ಥಕ ಚಿಹ್ನೆಯನ್ನು ಡಾಕ್ಟರ್ ಹೊಡೆದುಹಾಕಿದರು. ಆಪರೇಷನ್ ಬೇಡ. ನರ ಹಿಂತಿರುಗುತ್ತಿದೆ, ಪೂರ್ತಿಯಾಗಲು ವರ್ಷ ಹಿಡಿಯಬಹುದು. ಅಪ್ಪನದೂ ಅದೇ ನರ, ಕತ್ತಿಯ ಹಿಡಿಯ ದಿಂಡು ಒತ್ತಿ ಒತ್ತಿ ಆದದ್ದು; ಆದರೆ ಹಳೆಯದು. ಹೋದ ಸ್ಪರ್ಶ ಬರುವುದು ಅನುಮಾನ, ಉಳಿದಿರುವ ಶಕ್ತಿಯನ್ನು ಉಳಿಸಿಕೊಳ್ಳಬಹುದು ಎಂದರು. ಅವರಿಗೂ ಸ್ಪ್ಲಿಂಟ್ ಬರೆದುಕೊಟ್ಟರು. ಅಪ್ಪ ಅದನ್ನು ವಾಚಿನ ಹಾಗೆ ಕಟ್ಟಿಕೊಂಡು ಮನೆಗೆ ಬಂದರು.

ಈಗ ವಾರಕ್ಕೆ ಮೂರು ದಿನ ಸೈಕಲ್. ಹ್ಯಾಂಡಲ್‌ಗೆ ಅಗಲವಾದ ಮೆತ್ತನೆ ಹಿಡಿ, ಕೈಗೆ ಪ್ಯಾಡ್ ಇರುವ ಗ್ಲೌಸ್, ಸೀಟು ಸಮತಟ್ಟು. ಪ್ರತಿ ಏರಿನ ತುದಿಯಲ್ಲಿ ಇಳಿದು ಕೈ ಕೊಡವುತ್ತೇನೆ, ಯಾರು ಜೀಪ್ ನಿಲ್ಲಿಸಿ ಏನು ಕೇಳಿದರೂ ಸರಿ. ಕಿರುಬೆರಳ ತುದಿಗೆ ಇನ್ನೂ ತೆಳುವಾದ ಬಟ್ಟೆ ಸುತ್ತಿದಂತಿದೆ. ಅದರೊಂದಿಗೆ ಬದುಕಬಹುದು.

ಬೆಳಿಗ್ಗೆ ಹೊರಡುವಾಗ ಅಪ್ಪ ಕೇಳುತ್ತಾರೆ, "ಬೆರಳು ಹೆಂಗೈತೆ?" ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆಮೇಲೆ ನಾನು ಅವರನ್ನು ಕೇಳುತ್ತೇನೆ. ಮೊದಮೊದಲು "ನಂದೇನು ಬಿಡು" ಎನ್ನುತ್ತಿದ್ದರು. ಈಗ ಬೆರಳು ಮಡಿಸಿ, ಬಿಡಿಸಿ, ಸ್ವಲ್ಪ ಯೋಚಿಸಿ ಹೇಳುತ್ತಾರೆ. ಅವರು ಹೇಳಿ ಮುಗಿಸುವವರೆಗೆ ನಾನು ಪೆಡಲ್ ಮೇಲೆ ಕಾಲಿಡುವುದಿಲ್ಲ.