ಲಿಫ್ಟಿನ ಪಕ್ಕದ ಜಾಗ

ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲನ್ನು ನೀವು ಎಂದಾದರೂ ತೆಗೆದಿದ್ದೀರಾ? ಮುಖಕ್ಕೆ ರಪ್ಪನೆ ಬಡಿಯುವ ಬಿಸಿ, ಬೆಂದ ರೆಕ್ಸಿನ್ನಿನ ವಾಸನೆ, ಅದರೊಳಗೆ ಎಂದೋ ಚೆಲ್ಲಿದ ಸಾಂಬಾರಿನ ಸಣ್ಣ ಘಾಟು. ಮಲೇಷ್ಯಾದ ಪುಚೊಂಗ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕಸದ ಕೋಣೆಯ ಹಿಂದೆ ನಿಲ್ಲಿಸಿದ್ದ ನನ್ನ ಕಾರು ಇವತ್ತು ಊಟದ ಹೊತ್ತಿಗೆ ಇದೇ ವಾಸನೆಯಿಂದ ನನ್ನನ್ನು ಸ್ವಾಗತಿಸಿತು. ನನ್ನ ಹೆಂಡತಿ ಸುಮಾ ಸೀಟಿನ ಮೇಲೆ ಟವೆಲ್ ಹಾಸುತ್ತಾ, "ರೀ, ನಾಲ್ಕು ವರ್ಷ ಆಯ್ತು ಈ ಒಲೆಯಲ್ಲಿ ಕೂತು. ಇವತ್ತಿನ ಮೀಟಿಂಗಲ್ಲಾದ್ರೂ ಬಾಯಿ ಬಿಟ್ಟು ಕೇಳಿ" ಎಂದಳು. ಏನನ್ನು ಕೇಳಬೇಕು ಎಂದು ನಿಮಗೆ ತಿಳಿಯಬೇಕಾದರೆ ನನ್ನ ಜತೆ ಸ್ವಲ್ಪ ಹಿಂದಕ್ಕೆ ಬರಬೇಕು.

ನಮ್ಮದು ಹಳೆಯ ಕಟ್ಟಡ. ಲಿಫ್ಟಿನ ಪಕ್ಕದಲ್ಲಿ, ಸೂರಿನ ಕೆಳಗೆ, ಯಾರ ಮನೆಯ ಪತ್ರಕ್ಕೂ ಸೇರದ ಕೆಲವು ಪಾರ್ಕಿಂಗ್ ಜಾಗಗಳಿವೆ. ಅವುಗಳಲ್ಲಿ ಲಿಫ್ಟಿಗೆ ತೀರ ಹತ್ತಿರದ್ದು ಆಗ ನನ್ನದು. ನನ್ನದು ಎಂದರೆ, ಮನೆಗೆ ಬಂದ ದಿನ ಖಾಲಿ ಇತ್ತು, ನಿಲ್ಲಿಸಿದೆ, ಅಷ್ಟೇ. ಮೈಸೂರಿನಲ್ಲಿ ನಮ್ಮ ತಾತ ಜಮೀನು ಮಾಡಿದವರಲ್ಲ, ಅಪ್ಪ ಒಂದು ಸೈಟು ಕೊಂಡವರಲ್ಲ. ಆದರೂ ಆ ಅಂಗೈಯಗಲದ ಸಿಮೆಂಟಿನ ಮೇಲೆ ನನಗೆ ಪಾಳೇಗಾರರ ಗತ್ತು ಬಂದುಬಿಟ್ಟಿತ್ತು. ಯಾರಾದರೂ ಡೆಲಿವರಿಯವನು ಅಲ್ಲಿ ಬೈಕ್ ನಿಲ್ಲಿಸಿದರೆ ಬಾಲ್ಕನಿಯಿಂದಲೇ ಕೆಮ್ಮುತ್ತಿದ್ದೆ.

ನಮ್ಮ ನಿವಾಸಿಗಳ ಸಮಿತಿಗೆ ಆನೆಟ್ ಟೀಚರ್ ಹಿರಿಯರು. ಮುಖ ನೋಡಿದವರೆಲ್ಲ ಬೋರ್ನಿಯೋ ದ್ವೀಪದ ಕಡೆಯವರೆಂದುಕೊಂಡು "ನೀವು ಸಬಾ ಕಡೆಯವರಾ?" ಎಂದು ಕೇಳುತ್ತಾರೆ. ಅಲ್ಲ, ಅವರು ಕೆನಡಾದ ಪೂರ್ವ ಕರಾವಳಿಯ ಮಿಕ್‌ಮಾಕ್ ಜನ, ಅಲ್ಲಿನ ಮೂಲನಿವಾಸಿಗಳು. ಅಲ್ಲಿಗೆ ಓದಲು ಹೋಗಿದ್ದ ಇಲ್ಲಿಯ ತಮಿಳು ಹುಡುಗನನ್ನು ಮದುವೆಯಾಗಿ ಬಂದು, ಇಲ್ಲೇ ಟೀಚರಾಗಿ ನಿವೃತ್ತರಾದರು. ಗಂಡ ತೀರಿಕೊಂಡ ಮೇಲೂ ಊರಿಗೆ ವಾಪಸ್ ಹೋಗಲಿಲ್ಲ. ಅವರನ್ನು ಯಾರೂ ಆರಿಸಿದ್ದೇ ಇಲ್ಲ. ನೀರು ಬಾರದಿದ್ದರೆ, ಮೇಲಿನ ಮನೆಯ ಮಕ್ಕಳು ಕುಣಿದರೆ, ಎಲ್ಲರೂ ಅವರ ಬಾಗಿಲು ತಟ್ಟುತ್ತಿದ್ದರು, ಹಾಗಾಗಿ ಅವರೇ ಹಿರಿಯರಾದರು.

ಅವರ ಮೀಟಿಂಗನ್ನು ನೀವು ನೋಡಬೇಕು. ಕುರ್ಚಿಗಳನ್ನು ದುಂಡಗೆ ಹಾಕಿಸುತ್ತಾರೆ. ಒಬ್ಬೊಬ್ಬರಾಗಿ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಒಬ್ಬರದು ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಇನ್ನೇನಾದರೂ ನೆನಪಾದೀತು ಎಂದು. ನಮ್ಮ ಕನ್ನಡದವರ ಸಭೆಗಳಲ್ಲಿ ಪಳಗಿದ ನನಗೆ ಆ ಮೌನದಲ್ಲಿ ಮೈಯೆಲ್ಲ ತುರಿಸುತ್ತಿತ್ತು. ಟೀಚರ್ ಮಾತಾಡುವುದು ಎಲ್ಲರ ಕೊನೆಗೆ. ನಡೆಯುವುದೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ತಮಿಳು, ಮಲಯ್. ನಾನು ನಿಮಗೆ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ಆರನೇ ಮಹಡಿಯ ಪಾರ್ವತಿ ಆಂಟಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಗಳು ಕವಿತಾ ಕಾರಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದಳು. ಅವರ ಜಾಗ ಕಸದ ಕೋಣೆಯ ಹಿಂದೆ. ಅಲ್ಲಿಂದ ಲಿಫ್ಟಿಗೆ ಬರುವಷ್ಟರಲ್ಲಿ ಆಂಟಿ ಎರಡು ಕಡೆ ಕಂಬ ಹಿಡಿದು ನಿಲ್ಲುತ್ತಿದ್ದರು. ಮೀಟಿಂಗಿನಲ್ಲಿ ಸುತ್ತ ಕೂತವರೆಲ್ಲ ಒಂದೇ ಮಾತು ಹೇಳಿದರು, ಲಿಫ್ಟಿನ ಪಕ್ಕದ ಜಾಗ ಆಂಟಿಗೆ ಹೋಗಲಿ. ನನ್ನ ಸರದಿ ಬಂತು. ನಾನು ಒಲ್ಲೆ ಎಂದೆ. ಒಂದು ಜಾಗ ಬಿಟ್ಟುಕೊಟ್ಟರೆ ನಾಳೆ ಇನ್ನೊಂದು ಕೇಳುತ್ತಾರೆ ಎಂದೆ, ಮೊದಲು ಬಂದವನಿಗೆ ಬೆಲೆ ಇಲ್ಲವೇ ಎಂದೆ. ಕೊನೆಗೆ ಎದೆಯುಬ್ಬಿಸಿ, "ಬೇಕಾದ್ರೆ ವೋಟ್ ಹಾಕಿ, ಸೋತ್ರೆ ಬಿಡ್ತೀನಿ" ಎಂದೆ. ಸೋಲುವುದು ಗೊತ್ತಿತ್ತು. ಸೋತು, ಅನ್ಯಾಯವಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಬೇಕು ಎನ್ನುವುದೇ ನನ್ನ ಒಳಗಿನ ಆಸೆ.

ಟೀಚರ್ ಬೇಡವೆಂದು ತಲೆಯಾಡಿಸಿದರು. "ವೋಟ್ ಹಾಕಿದ್ರೆ ನೀವು ಸೋಲ್ತೀರಿ. ಸೋತವರ ಪಕ್ಕ ನಾನು ದಿನಾ ಲಿಫ್ಟಲ್ಲಿ ನಿಲ್ಲಬೇಕಾಗುತ್ತೆ. ಇನ್ನೊಂದು ವಾರ ಕೂರೋಣ."

ಮಾರನೆಯ ದಿನ ನೋಡಿದರೆ ಸೂರಿನ ಕೆಳಗೆ ನಡುವಿನಲ್ಲಿದ್ದ ತಮ್ಮ ಜಾಗವನ್ನು ಆಂಟಿಗೆ ಕೊಟ್ಟು, ತಮ್ಮ ಪುಟ್ಟ ಕಾರನ್ನು ಕಸದ ಕೋಣೆಯ ಹಿಂದೆ ನಿಲ್ಲಿಸಿದ್ದರು. ನನಗೆ ರೇಗಿತು. ಇದು ನನ್ನನ್ನು ನಾಚಿಸುವ ಉಪಾಯ ಎಂದು ನೇರ ಹೋಗಿ ಕೇಳಿಯೇಬಿಟ್ಟೆ. ಅವರು ಚಹಾ ಕೊಟ್ಟರು.

"ನಮ್ಮಲ್ಲಿ ಹಿಂದೆ ಪ್ರತಿ ಊರಿಗೂ ಒಬ್ಬ ಸಗಮಾವ್ ಇರ್ತಿದ್ದ, ನಿಮ್ಮ ಕಡೆ ಊರಿನ ಯಜಮಾನ ಇದ್ದ ಹಾಗೆ. ಈ ಸಲ ಯಾವ ಮನೆಯವರು ಯಾವ ಕಾಡಲ್ಲಿ, ಯಾವ ಹೊಳೆ ಪಕ್ಕ ಬೇಟೆ ಆಡಬೇಕು ಅಂತ ಹಂಚೋದು ಅವನ ಕೆಲಸ. ಮಕ್ಕಳು ಜಾಸ್ತಿ ಇರೋ ಮನೆಗೆ ಜಾಸ್ತಿ. ಮನೆ ಪರಿಸ್ಥಿತಿ ಬದಲಾದ್ರೆ ಹಂಚಿಕೆನೂ ಬದಲು."

"ಮಾತು ಕೇಳದಿದ್ರೆ ಏನ್ ಮಾಡ್ತಿದ್ದ?"

"ಏನೂ ಇಲ್ಲ. ಬಲವಂತ ಮಾಡೋ ಅಧಿಕಾರ ಅವನಿಗಿರ್ಲಿಲ್ಲ. ಇಷ್ಟ ಆಗದಿದ್ರೆ ಜನ ಗಂಟುಮೂಟೆ ಕಟ್ಕೊಂಡು ಬೇರೆ ಸಗಮಾವ್ ಹತ್ರ ಹೋಗ್ತಿದ್ರು. ಅದಕ್ಕೇ ತಾನು ಹೊಡೆದದ್ದನ್ನ ಮೊದಲು ಹಂಚಿ, ಉಳಿದ್ರೆ ತಿಂತಿದ್ದ. ಎಲ್ಲ ಊರಿನ ಹಿರಿಯರೂ ಸೇರೋ ಮಹಾಸಭೆ ಇವತ್ತಿಗೂ ಇದೆ. ನಮ್ಮಜ್ಜ ಅದರಲ್ಲಿ ಕೂತವರು. ಮನೇಲಿ ನೆಟ್ಟಗಿನ ಕೋಟು ಒಂದೂ ಇರ್ಲಿಲ್ಲ, ಕೇಳಿದವರಿಗೆ ಕೊಟ್ಟುಬಿಡೋರು. ಅಜ್ಜಿ ಬೈಯೋರು."

ಕಥೆ ಚೆನ್ನಾಗಿದೆ, ಬೇಟೆಗೂ ನನ್ನ ಕಾರಿಗೂ ಏನು ಸಂಬಂಧ ಎಂದುಕೊಂಡು ಚಹಾ ಮುಗಿಸಿ ಎದ್ದೆ. ಎರಡನೆಯ ಮೀಟಿಂಗಿನಲ್ಲೂ ಒಲ್ಲೆ ಎಂದೆ. ಯಾರೂ ಬೈಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಒಬ್ಬರಾದರೂ ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಈಗ ಹೇಳುವುದನ್ನು ನಾನು ಸುಮಾಳಿಗೂ ಹೇಳಿರಲಿಲ್ಲ. ಆ ವಾರವೇ ಒಂದು ಮಧ್ಯಾಹ್ನ, ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಪರೋಟದಂಥ ರೋಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು, ನನ್ನ ಜಾಗದಲ್ಲಿ ಗತ್ತಿನಿಂದ ನಿಲ್ಲಿಸಿ ಇಳಿದೆ. ಪಾರ್ವತಿ ಆಂಟಿ ಡಯಾಲಿಸಿಸ್ ಮುಗಿಸಿ ಬಂದವರು, ಟೀಚರ್ ಕೊಟ್ಟ ಜಾಗದಿಂದಲೂ ನಡೆಯಲಾರದೆ, ಲಿಫ್ಟಿಗೆ ಇನ್ನೂ ದೂರದಲ್ಲಿ ಕಂಬ ಹಿಡಿದು ನಿಂತಿದ್ದರು. ಕವಿತಾ ಕಾರಿನ ಬಳಿ ಔಷಧಿಯ ಚೀಲ ಹುಡುಕುತ್ತಿದ್ದಳು. ಲಿಫ್ಟ್ ಬಾಗಿಲು ತೆರೆದಿತ್ತು. ಕೈಹಿಡಿದು ಕರೆತರಲೇ ಎಂದು ಒಂದು ಕ್ಷಣ ನಿಂತೆ. ಆಂಟಿ ಕೈಬೀಸಿ, "ಪರವಾಗಿಲ್ಲ ಲಾ, ತಂಬಿ. ನೀನು ಹೋಗು, ಊಟ ಆರಿಹೋಗುತ್ತೆ" ಎಂದರು. ನಾನು ಹೋದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳೇಕೆ ಹೇಳಲಿ, ನಾಲ್ಕು ರೋಟಿಯನ್ನೂ ತಿಂದೆ. ಕೈ ತೊಳೆಯುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲು ಆಗಲಿಲ್ಲ.

ಮೂರನೆಯ ಮೀಟಿಂಗಿನಲ್ಲಿ ಆಗಲಿ ಎಂದೆ. ಟೀಚರ್‌ಗೆ ಅವರ ಜಾಗ ವಾಪಸ್ ಸಿಗಲೆಂದು ಕಸದ ಕೋಣೆಯ ಹಿಂದಿನದನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದೂ ಸೇರಿಸಿದೆ. ನಾಲ್ಕು ಜನ ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡಿದ್ದೆ. ಟೀಚರ್ ತಲೆಯಾಡಿಸಿ ಎರಡನೇ ಮಹಡಿಯ ಬಲ್ಬಿನ ವಿಷಯಕ್ಕೆ ಹೋದರು.

ಪಾರ್ವತಿ ಆಂಟಿ ಹೋದ ತಿಂಗಳು ತೀರಿಕೊಂಡರು. ಅಂದಿನಿಂದ ಆ ಜಾಗ ಖಾಲಿ, ಯಾರೂ ಗಾಡಿ ನಿಲ್ಲಿಸಿಲ್ಲ. ಇವತ್ತು ನಾಲ್ಕು ಗಂಟೆಗೆ ಅದೇ ದುಂಡಗಿನ ಕುರ್ಚಿಗಳು. ಒಬ್ಬೊಬ್ಬರಾಗಿ ಹಳಬರೆಲ್ಲ, "ಸರ್‌ಗೇ ಕೊಟ್ಟುಬಿಡಿ, ಮೊದಲು ಅವರದೇ ಅಲ್ವಾ" ಎಂದರು. ಕವಿತಾ ಕೂಡ ಹಾಗೇ ಅಂದಳು. ಸುಮಾ ನನ್ನ ತೋಳು ತಿವಿದಳು. ನನಗೆ ಬೇಕಿತ್ತು, ಇಲ್ಲ ಎನ್ನಲಾರೆ. ಬೇಕು ಎನ್ನಲು ಬಾಯಿ ತೆರೆದರೆ ಆ ಕಂಬ ನೆನಪಾಯಿತು. ಟೀಚರ್ ಕಾಯುತ್ತಾ ಕೂತರು. ಎಲ್ಲರೂ ಕಾದರು.

"ಅವತ್ತು ಆಂಟಿ ಅಲ್ಲಿ ಕಂಬ ಹಿಡ್ಕೊಂಡು ನಿಂತಿದ್ರು. ನಾನು ನೋಡಿಯೂ ಲಿಫ್ಟ್ ಹತ್ತಿಬಿಟ್ಟೆ" ಎಂದೆ, ಕವಿತಾಳ ಕಡೆ ತಿರುಗಿ.

"ಗೊತ್ತು ಅಂಕಲ್" ಎಂದಳು ಅವಳು. "ಅಮ್ಮ ಅವತ್ತೇ ಹೇಳಿದ್ರು. ತಂಬಿ ಪಾಪ ಹಸಿದಿದ್ದ, ನಾನೇ ಕಳಿಸಿದೆ ಅಂದ್ರು."

ನಾಲ್ಕು ವರ್ಷ ಆ ಹೆಂಗಸು ದೀಪಾವಳಿಗೆ ನಮ್ಮ ಮನೆಗೆ ಮುರುಕ್ಕು ಕಳಿಸಿದ್ದರು. ನಾನು ಮಾತ್ರ ಅವರಿದ್ದ ಲಿಫ್ಟಿನಲ್ಲಿ ಫೋನ್ ನೋಡುವ ಹಾಗೆ ನಟಿಸುತ್ತಾ ನಿಂತಿದ್ದೆ. ಐವತ್ತು ದಾಟಿದ ಗಂಡಸು ನಾನು, ಎಲ್ಲರ ಎದುರು ಅತ್ತುಬಿಟ್ಟೆ. ಮೂಗು ಒರೆಸಿಕೊಂಡು, ನಾಲ್ಕನೇ ಮಹಡಿಗೆ ಬಾಡಿಗೆಗೆ ಬಂದಿರುವ ಹುಬ್ಬಳ್ಳಿಯ ತುಂಬು ಬಸುರಿ ಹುಡುಗಿ ಹೊಸಬಳೆಂದು ಸುಮ್ಮನೆ ಕೂತಿದ್ದಾಳೆ, ಆ ಜಾಗ ಬೇಕಾ ಅಂತ ಅವಳನ್ನೂ ಒಂದು ಮಾತು ಕೇಳಿ ಎಂದೆ.