ಗಂಗೋತ್ರಿಯ ಮೊದಲ ರಕ್ತಪರೀಕ್ಷೆ

ಹೊಸ ಸಂಶೋಧನಾ ವಿದ್ಯಾರ್ಥಿಗಳೆಂದರೆ ನನಗೆ ಅಷ್ಟಕ್ಕಷ್ಟೆ. ಮಡಕಶಿರದಿಂದ ಬಂದು ಅನಂತಪುರದ ಈ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ಗಾಜು ಒಡೆಯುವವರು ಅವರು, ಬೈಸಿಕೊಳ್ಳುವವಳು ನಾನು. ಗಂಗೋತ್ರಿ ಬಂದ ದಿನವೂ ಮುಖ ಗಂಟು ಹಾಕಿಕೊಂಡೇ ಕೂತಿದ್ದೆ. ಅವಳು ಗುಮ್ಮಘಟ್ಟದ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುವ ಒಂದು ಕಾಯಿಲೆಯಿದೆ. ಅದು ಕುರಿ ಕಾಯುವವರಿಗೆ ಎಷ್ಟರಮಟ್ಟಿಗೆ ಅಂಟಿದೆ ಎಂದು ನೋಡುವುದು ಅವಳ ಪ್ರಾಜೆಕ್ಟು. ಅದಕ್ಕೆ ಊರಿನವರ ರಕ್ತ ಬೇಕಿತ್ತು.

"ನಮ್ಮೂರವರೇ ಅಲ್ರೀ ಮೇಡಂ, ಕೇಳಿದ ಕೂಡ್ಲೇ ಕೊಡ್ತಾರ" ಎಂದು ಕುಣಿದುಕೊಂಡು ಹೋದವಳು ಸಂಜೆ ಖಾಲಿ ಟ್ಯೂಬುಗಳ ಡಬ್ಬಿ ಹೊತ್ತು ಬಂದಳು. ಊರ ಹಿರಿಯರಾದ ಚಿತ್ತಪ್ಪ ಎಲ್ಲರೆದುರು ಅಂದರಂತೆ: "ಕಂದು ಹಾಕಿದ್ದು ಕುರಿ. ಸೂಜಿ ನಮಗ ಯಾಕವ್ವಾ? ಒಪ್ಪಿಗಿ ಕಾಗದಕ್ಕ ಹೆಬ್ಬೆಟ್ಟು ಬ್ಯಾರೆ ಒತ್ತಬೇಕಂತ!" ಹೆತ್ತತಾಯಿ ಸಣ್ಣಕ್ಕನೂ ತೋಳು ಚಾಚಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು! ಒಂದು ತಿಂಗಳಲ್ಲಿ ರಕ್ತ ಸಿಗದಿದ್ದರೆ ಬೇರೆ ವಿಷಯ ಹುಡುಕಿಕೊ ಎಂದುಬಿಟ್ಟರು ಗೈಡ್ ಸಾರ್.

"ಅಳ್ತಾ ಕೂತ್ರೆ ಆಗಲ್ಲ ಕಣಮ್ಮಿ, ಪರೀಕ್ಷೆ ಮಾಡಾದಾದ್ರೂ ಕಲ್ತ್ಕೊ" ಎಂದು ಎಬ್ಬಿಸಿದೆ. ಕೆಲಸ ಸುಲಭ. ಗಾಜಿನ ಪಟ್ಟಿಯ ಮೇಲೆ, ರಕ್ತದಿಂದ ತೆಗೆದ ತಿಳಿಯ ಒಂದು ಹನಿಗೆ ಗುಲಾಬಿ ಬಣ್ಣದ ದ್ರವದ ಒಂದು ಹನಿ ಬೆರೆಸಿ ನಾಲ್ಕು ನಿಮಿಷ ಅಲ್ಲಾಡಿಸಬೇಕು. ಕಾಯಿಲೆಯವರದಾದರೆ ಒಡೆದ ಹಾಲಿನಂತೆ ಕಣಕಣವಾಗುತ್ತದೆ, ಇಲ್ಲದವರದು ನುಣುಪಾಗಿಯೇ ಇರುತ್ತದೆ. ಕಲಿಯಲು ಕಾಯಿಲೆಯಿಲ್ಲದವರ ರಕ್ತ ಬೇಕೆಂದಾಗ ಹುಡುಗಿ ತನ್ನದನ್ನೇ ಕೊಟ್ಟಳು.

ಅದು ಕಣಕಣವಾಯಿತು.

"ಗಾಜು ತೊಳ್ದೇ ಇಲ್ಲ! ಕಣ್ಣು ಎಲ್ಲಿ ಮಡಗಿದ್ದೆ?" ಎಂದು ರೇಗಿದೆ. ಹೊಸ ಗಾಜಿನ ಮೇಲೆ ಒಂದು ಕಡೆ ನನ್ನದು, ಇನ್ನೊಂದು ಕಡೆ ಅವಳದು ಹಾಕಿದೆವು. ನನ್ನದು ನುಣುಪಾಗಿತ್ತು. ಅವಳದು ಮತ್ತೆ ಹಾಗೇ.

"ಸಂಜಿ ಆದ್ರ ಜ್ವರ ಬರ್ತಿತ್ರೀ. ಬಸ್ಸಿನ ಓಡಾಟಕ್ಕ ಅನ್ಕೊಂಡಿದ್ದೆ" ಎಂದಳು ಮೆಲ್ಲಗೆ. ನನ್ನ ಹಾಳು ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು. ಆಸ್ಪತ್ರೆಯ ದೊಡ್ಡ ಪರೀಕ್ಷೆಯಲ್ಲೂ ಅದೇ ಬಂತು. ಡಾಕ್ಟರು ಆರು ವಾರದ ಮಾತ್ರೆ ಬರೆದರು.

ಮುಂದಿನ ಭಾನುವಾರ ಬಸ್ಸಿಳಿದು ಷೇರ್ ಆಟೋ ಹತ್ತಿ ಅವಳೊಂದಿಗೆ ನಾನೂ ಅವಳೂರಿಗೆ ಹೋದೆ. ಈ ಸಲ ಅವಳು ಪ್ರಾಜೆಕ್ಟಿನ ಮಾತೇ ಎತ್ತಲಿಲ್ಲ. ಕುರಿದೊಡ್ಡಿಯ ಮುಂದೆ ಜನ ಸೇರಿದಾಗ, "ಆ ಬ್ಯಾನಿ ನನಗ ಬಂದೈತಿ. ಗುಳಿಗಿ ನುಂಗಾಕ ಹತ್ತೀನಿ. ನಿಮಗೂ ಇದ್ರ ಗೊತ್ತಾಗ್ಲಿ ಅಂತ ಬಂದೆ" ಎಂದಳು.

ಚಿತ್ತಪ್ಪ ತಲೆ ತಗ್ಗಿಸಿದರು. ಸಣ್ಣಕ್ಕ ಮಗಳ ಕೈ ಹಿಡಿದು, ಅಂಗೈ ಮಗುಚಿ ನೋಡಿದಳು.

"ಮರಿ ಅಡ್ಡ ಸಿಕ್ಕಾಗೆಲ್ಲ, ನಿನ್ನ ಕೈ ಸಣ್ಣದೈತಿ ಅಂತ ನಾನೇ ಕುರಿ ಹೊಟ್ಟಿಯಾಗ ಕೈ ಹಾಕಿಸ್ತಿದ್ದೆ. ನೀನು ಎಂಟು ವರ್ಷದಾಕಿ ಇದ್ದಾಗಿಂದ."

"ನಿನಗೇನ್ ಗೊತ್ತಿತ್ತು ಬಿಡವ್ವಾ. ವಾಸಿ ಆಗ್ತೈತಿ."

ಸಣ್ಣಕ್ಕ ಅಲ್ಲೇ ಕಲ್ಲಿನ ಮೇಲೆ ಕೂತು ರವಿಕೆಯ ತೋಳು ಮೇಲೇರಿಸಿದಳು. "ಮೊದ್ಲು ನಂದು ತಗೀ" ಎಂದಳು. ಅವಳ ಹಿಂದೆ ಚಿತ್ತಪ್ಪ ಬಂದು ನಿಂತರು, ಅವರ ಹಿಂದೆ ಉಳಿದವರು.

ಗಂಗೋತ್ರಿ ರಕ್ತ ತೆಗೆದು, ಸೂಜಿ ಚುಚ್ಚಿದಲ್ಲಿ ಹತ್ತಿ ಒತ್ತಿ ಹಿಡಿದಳು. ರಕ್ತ ನಿಂತು ಎಷ್ಟೋ ಹೊತ್ತಾಗಿದ್ದರೂ ತಾಯಿಯ ತೋಳಿನಿಂದ ಕೈ ತೆಗೆಯಲಿಲ್ಲ. ಸಾಲು ಕಾಯುತ್ತಿತ್ತು. ಬೇಗ ಮುಗಿಸು ಎನ್ನುವ ಬದಲು ನಾನು ಮುಂದಿನ ಟ್ಯೂಬಿನ ಮೇಲೆ ಚಿತ್ತಪ್ಪನವರ ಹೆಸರು ಬರೆಯುತ್ತ ಕೂತೆ.